ಯುದ್ಧ ಇನ್ನೊಂದು ವಾರ ನಡೆಯಲೆಂದವಳು

ನಂಜನಗೂಡು
ಏಪ್ರಿಲ್ ೧೬, ಗುರುವಾರ

ಚಿ. ಸೌ. ಶ್ವೇತಳಿಗೆ ನಿನ್ನ ಅಕ್ಕನ ಆಶೀರ್ವಾದಗಳು.

ಇಲ್ಲಿ ನಾವು ಕ್ಷೇಮ. ನೀನು ಹೇಗಿದ್ದೀಯೆಂದು ಕೇಳಲು ನನಗೆ ಬಾಯಿಲ್ಲ. ತಿ. ನರಸೀಪುರವೇನು ದೂರವೇ? ಬಸ್ಸು ಹತ್ತಿದರೆ ಬಂದೇಬಿಡಬಹುದಿತ್ತು, ಬರಲಿಲ್ಲ. ನಿನ್ನ ಫೋನನ್ನೂ ಎತ್ತಲಿಲ್ಲ. ಎದುರು ಕೂತು ಹೇಳಲಾಗದ್ದಕ್ಕೇ ಈ ಕಾಗದ. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ.

ನೀನು ನಡೆಸುವ ಮೆಸ್ಸಿಗೆ ಗ್ಯಾಸ್ ಸಿಗದೆ ಸೌದೆ ಒಲೆ ಹೂಡಿದ್ದೀಯೆಂದು, ಹೊಗೆಗೆ ನಿನ್ನ ಕಣ್ಣು ಊದಿಕೊಂಡಿದೆಯೆಂದು ನಿನ್ನ ಮಗಳು ಚೈತ್ರ ಹೇಳಿದಳು. ಊಟದ ರೇಟು ಏರಿಸಿದ ಮೇಲೆ ಬಸ್ ಸ್ಟ್ಯಾಂಡಿನ ಕಂಡಕ್ಟರುಗಳೂ ಬರುವುದು ಕಡಿಮೆಯಂತೆ. ಇಲ್ಲೂ ಅಷ್ಟೇ. ಹುಲ್ಲಹಳ್ಳಿ ಅಕ್ಕಿ, ಎಣ್ಣೆ, ಆಟೋ, ಎಲ್ಲ ದುಬಾರಿ. ಬ್ಯಾಂಕಿನಿಂದ ನಿವೃತ್ತಳಾಗಿ ಷೇರಿನ ಹುಚ್ಚು ಹಿಡಿಸಿಕೊಂಡ ನನಗೆ ಇದೆಲ್ಲ ಮೊದಲೇ ಗೊತ್ತಿತ್ತು ಕಣೇ. ಯುದ್ಧದಿಂದ ಕೊಲ್ಲಿಯಲ್ಲಿ ತೈಲದ ಹಡಗು ನಿಂತರೆ ಪೇಂಟು, ಟೈರು ಮಾಡುವವರ ಲಾಭ ಕುಗ್ಗುತ್ತದೆ, ತೈಲ ತೆಗೆಯುವವರಿಗೆ ಸುಗ್ಗಿ. ಅವರ ಷೇರು ಮಾರಿ ಇವರದ್ದು ಕೊಂಡೆ. ನೀನು ಹೊಗೆ ಕುಡಿಯುತ್ತಿದ್ದಾಗ ನಾನು ಗೆದ್ದೆನೆಂದು ಬೀಗುತ್ತಿದ್ದೆ.

ಮೊನ್ನೆ ಬೆಳಗ್ಗೆ ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆಗೆ ಕೂತಿದ್ದೆ. ಕಣ್ಣು ಮಾತ್ರ ಟಿವಿಯ ಮೇಲೆ. ಕದನವಿರಾಮದ ಮಾತುಕತೆ ಶುರುವಾಗಿದೆ ಎಂದರು. "ಅಯ್ಯೋ, ಇನ್ನೊಂದ್ ವಾರ ನಡೀಬಾರ್ದಾ!" ಎಂದುಬಿಟ್ಟೆ. ಲಿಂಗ ಅಂಗೈಯಲ್ಲೇ ಇತ್ತು.

ನಿನ್ನ ಭಾವ ಪೇಪರು ಕೆಳಗಿಟ್ಟರು. "ನಮ್ ನಂಜೇಶ ಅಲ್ಲೇ ಅವ್ನಲ್ಲ, ಮಂಗ್ಳಾ" ಎಂದರು. ಅಷ್ಟೇ. ಬಯ್ದಿದ್ದರೆ ಚೆನ್ನಾಗಿತ್ತು. ನಿನ್ನ ಮಗ ಆ ಕೊಲ್ಲಿಯ ಬಂದರಿನಲ್ಲೇ ತೈಲದ ಟ್ಯಾಂಕುಗಳ ನಡುವೆ ದುಡಿಯುವವನು, ಅವನ ಫೋನು ಸಿಗದೆ ವಾರವಾಯಿತು, ನಾನು ಯುದ್ಧ ನಡೆಯಲಿ ಎಂದು ಬೇಡಿಕೊಂಡೆ! ಶ್ರೀಕಂಠೇಶ್ವರನ ಗುಡಿಯವರೆಗೂ ಹೋದೆ. ಒಳಗೆ ಹೋಗಲು ಮುಖವಿಲ್ಲದೆ ಕಪಿಲೆಯ ಮೆಟ್ಟಿಲ ಮೇಲೆ ಕೂತಿದ್ದು ವಾಪಸು ಬಂದೆ.

"ಪಾಪ, ಟಿಕೆಟ್ ಸಿಕ್ದೆ ನನ್ ಮಗ ಅಲ್ಲೇ ಉಳ್ಕಂಡ" ಎಂದು ನೀನು ಬಂದವರಿಗೆಲ್ಲ ಹೇಳುತ್ತೀಯಂತೆ. ಅದನ್ನು ಕೇಳಿದಾಗಿನಿಂದ ನನಗೆ ಅನ್ನ ಇಳಿಯುತ್ತಿಲ್ಲ.

ಚೈತ್ರಳ ಕೈಯಲ್ಲಿ ಈ ಕಾಗದ, ಕಣ್ಣಿನ ಡ್ರಾಪ್ಸ್ ಕಳಿಸಿದ್ದೇನೆ. ತಪ್ಪದೆ ಹಾಕಿಕೋ. ನಂಜುಂಡೇಶ್ವರ ನಿನ್ನ ಮಗನನ್ನು ನಿನ್ನ ಮಡಿಲಿಗೆ ಸೇರಿಸಲಿ.

ಇಂತಿ ನಿನ್ನ ಅಕ್ಕ,
ಸರ್ವಮಂಗಳಾ

ತಾ.ಕ.: ಅವನಿಗೆ ಟಿಕೆಟ್ ಸಿಕ್ಕಿತ್ತು, ಶ್ವೇತ. ವಿಮಾನಗಳು ನಿಲ್ಲುವ ಮುಂಚೆ ನನಗೆ ಫೋನ್ ಮಾಡಿದ್ದ. "ದೊಡ್ಡವ್ವ, ಕಂಪ್ನಿಯೋರು ಊರ್ಗ್ ಓಗೋರು ಓಗ್ಬೋದು ಅಂತಾವ್ರೆ, ಟಿಕೆಟ್ಟೂ ಕೊಟ್ಟವ್ರೆ. ಬಂದ್ಬುಡ್ಲಾ?" ಎಂದ. ನಾನು ಅವನ ಕಂಪನಿಯ ಫಲಿತಾಂಶ ತೆಗೆದು ನೋಡಿದೆ. ಲಾಭ ಏರುತ್ತಲೇ ಇತ್ತು. ಇಷ್ಟು ಲಾಭ ಮಾಡುವ ಕಂಪನಿ ತನ್ನ ಜನರನ್ನು ಕೈಬಿಡುವುದಿಲ್ಲ, ಬೋನಸ್ಸೂ ಬರುತ್ತದೆ, ಅಲ್ಲೇ ಇರು ಎಂದೆ. "ನೀವ್ ಏಳುದ್ಮೇಲೆ ಮುಗೀತು ಬುಡಿ" ಎಂದು ನಕ್ಕ. ಅವನ ಜೊತೆ ಒಂದೇ ಕೋಣೆಯಲ್ಲಿದ್ದ ದೇವನೂರಿನ ಹುಡುಗ ಆ ವಿಮಾನದಲ್ಲಿ ಬಂದಿದ್ದಾನೆ. ನಾಳೆ ನಿನ್ನನ್ನು ನೋಡಲು ಬರುತ್ತಾನಂತೆ. ಅವನ ಬಾಯಿಂದ ಕೇಳುವ ಮೊದಲು ನನ್ನಿಂದ ಕೇಳು: ಬರಬೇಡ ಎಂದವಳು ನಾನು.