ಅಳತೆಗೆ ನಿಂತವಳು

ಸೌತ್ ಬಿ, ನೈರೋಬಿ

ಪ್ರೀತಿಯ ಕಾಜಿಟನ್ ಅವರಿಗೆ,

ಮಂಗಳೂರಿನ ಪ್ರೆಸ್ಸಿನಿಂದ ನೀವು ಕಳುಹಿಸಿದ ನಮ್ಮ ಯುರೋಪ್ ಪ್ರವಾಸದ ಚಿತ್ರಪುಸ್ತಕದ ಕರಡು ಫೋನಿಗೆ ಬಂತು. ಕೆಲಸದಿಂದ ಬರುವಾಗ ಮಟಾಟು ಬಸ್ಸು ಜಾಮಿನಲ್ಲಿ ನಿಂತಿತ್ತು, ಪೂರ್ತಿ ನೋಡಿದೆ. ಚಿತ್ರಗಳು ಚೆನ್ನಾಗಿವೆ.

ಪ್ರಾಗ್, ಬ್ರೂಜ್, ಸಿಯೆನಾ, ಹೋದಲ್ಲೆಲ್ಲ ಫೋಟೋದಲ್ಲಿ ಗೋಪುರದ ಎತ್ತರ ತಿಳಿಯಲೆಂದು ನೀವು ನನ್ನನ್ನು ಅದರ ಬುಡದಲ್ಲಿ ನಿಲ್ಲಿಸುತ್ತಿದ್ದಿರಿ. ಈಗ ಕಂಪ್ಯೂಟರಿನಲ್ಲಿ ನನ್ನನ್ನು ಅಳಿಸಿದ್ದೀರಿ. ಪುಸ್ತಕಕ್ಕೆ ಅದೇ ಸರಿಯೆಂದು ನಿಮಗೆ ಅನಿಸಿರಬಹುದು. ನಮ್ಮ ಮಗಳು ಗ್ಲೆನಿಟಾ ಎಲ್ಲವನ್ನೂ ನೋಡಿ, "ಮಮ್ಮಿ, ಡಿಡ್ ಯು ಈವನ್ ಗೋ?" ಎಂದು ನಕ್ಕಳು. ನಾನು ಅನ್ನಕ್ಕೆ ನೀರಿಡಲು ಎದ್ದೆ.

ಒಂದು ಚಿತ್ರ ಸೇರಿಸಿ. ಸಿಯೆನಾದಲ್ಲಿ ಮೊಣಕಾಲು ನೋವೆಂದು ನಾನು ಚಪ್ಪಲಿ ಬಿಚ್ಚಿ ಮೆಟ್ಟಿಲಲ್ಲಿ ಕೂತಿದ್ದೆ. "ಏಳು ಮಾರಾಯ್ತಿ, ಕೂತ್ರೆ ಅಳತೆ ಸಿಗುದಿಲ್ಲ" ಎಂದು ಬೈಯುತ್ತಲೇ ನೀವು ತೆಗೆದದ್ದು. ಅದರಲ್ಲಿ ಗೋಪುರ ಅರ್ಧವೇ ಬಂದಿದೆ. ಹಾಗೆಯೇ ಇರಲಿ. ನನ್ನನ್ನು ಮಾತ್ರ ಅಳಿಸಬೇಡಿ.

ಬರುವಾಗ ಮೊಣಕಾಲಿಗೆ ಹಚ್ಚುವ ಎಣ್ಣೆ ತನ್ನಿ. ಇಲ್ಲಿದ್ದದ್ದು ಮುಗಿದಿದೆ.

ನಿಮ್ಮ
ವೆರೋನಿಕಾ