ಬಾಗಿಲಿಗೆ ಎದುರಾದ ಮೇಜು

ಪ್ರೀತಿಯ ಅಳಿಯಾ,

ಸೈನ್ಯ ಬಿಟ್ಟು ಬಂದವನು ಎರಡು ವರ್ಷದಲ್ಲಿ ಮೂರು ಕೆಲಸ ಬಿಟ್ಟೆಯಂತೆ. "ಬಾಗಿಲಿಗೆ ಬೆನ್ನು ಮಾಡಿ ಕೂರೋಕೆ ಅವನ ಕೈಲಿ ಆಗಲ್ಲ ಕಣೋ, ಹೇಳ್ಕೊಳ್ಳೋಕೆ ಅವನಿಗೆ ನಾಚಿಕೆ" ಎಂದಳು ನಿನ್ನಮ್ಮ. ಅಕ್ಕ ಇದನ್ನು ಮೊದಲೇ ಹೇಳಬಾರದಿತ್ತೇ?

ನಮ್ಮ ಬೈಂಡಿಂಗ್ ಅಂಗಡಿಯಲ್ಲಿ ನಿನಗೊಂದು ಮೇಜು ಹಾಕಿ, ಬಾಗಿಲಿಗೆ ಎದುರಾಗಿ ತಿರುಗಿಸಿದ್ದೇನೆ. ಅದರಿಂದ ಎದುರು ಕೂತು ಪುಸ್ತಕ ಹೊಲಿಯುವವಳ ಬೆನ್ನು ಬಾಗಿಲ ಕಡೆಗಾಯಿತು. "ಅಳಿಯಂಗೆ ರಾಜಮರ್ಯಾದೆ! ನನ್ನ ಬೆನ್ನು ಕಾಯೋರ್ಯಾರು, ಯಜಮಾನ್ರೇ?" ಎಂದು ರೇಗಿಸಿದಳು. ಅವಳನ್ನು ಕಿಟಕಿಯ ಪಕ್ಕಕ್ಕೆ ಕಳಿಸಿ, ಆ ಕುರ್ಚಿಯಲ್ಲಿ ನಾನೇ ಕೂತಿದ್ದೇನೆ. ನಿನ್ನೆ ಗಿರಾಕಿಯೊಬ್ಬ ಹಿಂದೆ ನಿಂತು ಮೂರು ಸಲ ಕೆಮ್ಮಿದ ಮೇಲೆಯೇ ನನಗೆ ಗೊತ್ತಾದದ್ದು.

ಸೋಮವಾರ ಒಂಬತ್ತಕ್ಕೆ ಬಂದುಬಿಡು. ಯಾರಾದರೂ ಒಳಗೆ ಬಂದರೆ ನೀನೇ ನನಗೆ ಹೇಳಬೇಕು.

ಅಂಟಿನ ಕೈ ಒರೆಸಿಕೊಂಡು ಬರೆದ,
ನಿನ್ನ ಸೋದರಮಾವ