ಅಮ್ಮನ ಎರಡು ಏಟು

ಅಪ್ಪಾ,

ಇವತ್ತು ನಿಮ್ಮ ಡೀಸೆಲ್ ಜೀಪಿನ ಸ್ಟಾರ್ಟರ್ ಮೋಟಾರು ಬದಲಾಯಿಸಿದೆ. ಬಯ್ಯಬೇಡಿ. ನೀವು ತೀರಿಹೋದಮೇಲೆ ಅದು ಹಠಕ್ಕೇ ಬಿದ್ದಿತ್ತು. ತರಕಾರಿಗೆಂದು ಮಾರ್ಕೆಟ್ ಯಾರ್ಡಿಗೆ ಹೊರಟರೆ, ಅಮ್ಮ ಸುತ್ತಿಗೆಯಲ್ಲಿ ಮೋಟಾರಿಗೆ ಎಷ್ಟು ಬಡಿದರೂ ಜೀಪು ಏಳುತ್ತಿರಲಿಲ್ಲ.

ಬಿಬವೇವಾಡಿಯ ನಮ್ಮ ಹೊಟೇಲಿನ ಹಿಂದೆಯೇ ಬ್ಯಾಟರಿಯ ವಯರು ಬಿಚ್ಚಿಟ್ಟು ಜೀಪಿನ ಅಡಿಗೆ ಮಲಗಿದೆ. ಮೇಲಿನ ಬೋಲ್ಟು ಸುಲಭದಲ್ಲಿ ಬಂತು. ಕೆಳಗಿನದು ನನ್ನ ಕೈಯ ಚರ್ಮ ಸುಲಿದೇ ಬಿಟ್ಟುಕೊಟ್ಟಿತು. ಕಲ್ಲಿನಷ್ಟು ಭಾರದ ಮೋಟಾರು ಎದೆಯ ಮೇಲೆ ಬಂದು ಕೂತಿತು. ಅದರ ಮೈಯೆಲ್ಲ ಮಸಿ, ಅಮ್ಮನ ಸುತ್ತಿಗೆ ಬೀಳುತ್ತಿದ್ದ ಜಾಗ ಮಾತ್ರ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

ದಿನಾ ಬೆಳಿಗ್ಗೆ ನೀವು ಸೀಟಿನಲ್ಲಿ ಕೂತು "ವಸಂತೀ, ಬಾ ಮಾರಾಯ್ತಿ" ಎಂದು ಕರೆಯುವುದು, ಅಮ್ಮ ಒಲೆ ಬಿಟ್ಟು ಬಂದು ಎರಡು ಏಟು ಕೊಟ್ಟು "ಹಾಂ, ಈಗ ತಿರುಗಿಸಿ" ಎನ್ನುವುದು. ಹೊಸದು ಹಾಕಿಸುವ ಎಂದು ನಾನು ಹೇಳಿದಾಗೆಲ್ಲ ನೀವು ನಕ್ಕುಬಿಡುತ್ತಿದ್ದಿರಿ. ಯಾಕೆಂದು ನಾನು ಕೇಳಲೇ ಇಲ್ಲ.

ಹೊಸ ಮೋಟಾರು ಕೂರಿಸಿ, ವಯರುಗಳನ್ನು ಸೇರಿಸಿ ಕೀ ತಿರುಗಿಸಿದ್ದೇ ತಡ, ಇಂಜಿನು ಗುಡುಗಿತು. ಅಭ್ಯಾಸಬಲದಲ್ಲಿ ಸುತ್ತಿಗೆ ಹಿಡಿದು ಬಂದಿದ್ದ ಅಮ್ಮ ಬಾನೆಟ್ಟಿನ ಪಕ್ಕ ನಿಂತೇಬಿಟ್ಟಳು.

"ಒಮ್ಮೆ ಬಂದ್ ಮಾಡು ಸುಖೇಶ," ಎಂದಳು.

ಮಾಡಿದೆ. ಅಮ್ಮ ಬಗ್ಗಿ, ಮಲಗಿದ ಮಗುವನ್ನು ಎಬ್ಬಿಸುವಷ್ಟು ಮೆಲ್ಲಗೆ ಹೊಸ ಮೋಟಾರಿಗೆ ಎರಡು ಸಲ ತಟ್ಟಿದಳು.

"ಹಾಂ, ಈಗ ತಿರುಗಿಸಿ."

ಕೀ ತಿರುಗಿಸಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು, ಅಪ್ಪಾ.